ಎತ್ತರಿಸಿದ ಜೀಪೂ ಇ.ಎಸ್.ಪಿ. ದೀಪವೂ

(ಮಾರ್ಕಯನ್‌ಕೋಟ್ಟೈಯಲ್ಲಿ ಸೇರಿದ್ದ ಕಬ್ಬು ಬೆಳೆಗಾರ ಸದಸ್ಯರ ಸಭೆಯಲ್ಲಿ ನಮ್ಮ ಕಾರ್ಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಯವರು ಮಾಡಿದ ಭಾಷಣ)



ಕೂಳೆ ಬೆಳೆಯ ಆರೈಕೆಯ ವಿಷಯ ಬೆಳಿಗ್ಗೆಯೇ ಮುಗಿಯಿತು. ಊಟವಾದ ಮೇಲೆ ಕಬ್ಬಿನ ಆಫೀಸರು ಜೀಪಿನ ವಿಷಯ ಮಾತನಾಡುವುದೇನು ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ನನಗೆ ಕಾಣುತ್ತಿದೆ. ನಗಲಿ. ನಾನು ಓದಿದ್ದು ಕೃಷಿ, ಯಂತ್ರವಿದ್ಯೆಯಲ್ಲ. ಆದರೂ ಅಧ್ಯಕ್ಷರಲ್ಲಿ ಅರ್ಧ ಗಂಟೆ ಕೇಳಿ ಪಡೆದಿದ್ದೇನೆ. ಏಕೆ ಕೇಳಿದೆನೆಂಬುದು ಮುಂದೆ ತಮಗೇ ತಿಳಿಯುತ್ತದೆ.

ಈ ಕಂಬಂ ಕಣಿವೆಯಲ್ಲಿ ನಮ್ಮ ಸದಸ್ಯರ ಪೈಕಿ ಅನೇಕರಿಗೆ ಕೆಳಗೆ ಕಬ್ಬು, ಭತ್ತ, ಬಾಳೆ. ಮೇಲೆ ಇಡುಕ್ಕಿ ಬೆಟ್ಟದಲ್ಲಿ ಏಲಕ್ಕಿ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು, ಬೆಟ್ಟ ಹತ್ತಿದರೆ ಮಲೆಯಾಳ. ನಮ್ಮ ಗಾಡಿಗೂ ಅದೇ ಪಾಡು. ಬೆಳಿಗ್ಗೆ ಮುಲ್ಲೈ ಪೆರಿಯಾರ್ ನೀರು ಕುಡಿದ ಗದ್ದೆಯ ಕೆಸರು, ಮಧ್ಯಾಹ್ನ ಚಿನ್ನಮನೂರಿನ ಟಾರು ರಸ್ತೆ, ಸಂಜೆಗೆ ಬೋಡಿಮೆಟ್ಟಿನ ಘಾಟಿ. ಒಂದೇ ದಿನದಲ್ಲಿ ಮೂರು ಬಗೆಯ ನೆಲ. ಆದುದರಿಂದಲೇ ನಮ್ಮಲ್ಲಿ ಫೋರ್ ವ್ಹೀಲ್ ಜೀಪಿಗೆ ಇಷ್ಟು ಬೆಲೆ. ಇತ್ತೀಚೆಗೆ ನಮ್ಮ ಹುಡುಗರು ಹೊಸ ಜೀಪು ಕೊಂಡು, ದೊಡ್ಡ ಟೈರು ಹಾಕಿಸಿ, ಎರಡು ಅಂಗುಲ ಎತ್ತರಿಸಿ ಓಡಿಸುತ್ತಾರೆ. ಆಮೇಲೆ ನನ್ನ ಬಳಿ ಬಂದು, "ಸಾರ್, ಗಾಡಿ ನಾನು ಹೇಳಿದಂತೆ ಕೇಳುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸಾಯುತ್ತದೆ, ತಿರುವಿನಲ್ಲಿ ತಾನಾಗಿಯೇ ಬ್ರೇಕ್ ಹಿಡಿಯುತ್ತದೆ" ಎಂದು ದೂರುತ್ತಾರೆ. ಈ ದೂರು ಸುಳ್ಳಲ್ಲ. ಆದರೆ ಅದಕ್ಕೆ ನಾನು ಕೊಟ್ಟ ಪರಿಹಾರ ತಪ್ಪಾಗಿತ್ತು.

ಹೋದ ವರ್ಷ ನವೆಂಬರ್ ತಿಂಗಳು. ಹಿಂಗಾರು ಮಳೆ ಹಿಡಿದಿತ್ತು. ನಮ್ಮ ಸದಸ್ಯರೊಬ್ಬರ ಹೊಲದಲ್ಲಿ ಕಬ್ಬು ಮಾಗಿದೆಯೇ ಎಂದು ಬ್ರಿಕ್ಸ್ ನೋಡಲು ಹೊರಟಿದ್ದೆ. ಅವರ ಮಗ ತನ್ನ ಜೀಪಿನಲ್ಲಿ ಕರೆದುಕೊಂಡು ಹೋದ. ಗಾಡಿ ಯಾವ ಕಂಪನಿಯದು, ಎತ್ತರಿಸಿದ್ದು ಯಾವ ವರ್ಕ್‌ಶಾಪಿನಲ್ಲಿ ಎಂಬುದು ಇಲ್ಲಿ ಬೇಡ. ಕಾಲುವೆಯ ಏರಿ ಇಳಿದು ಹೊಲದ ದಾರಿಗೆ ಬಂದ ಕೂಡಲೇ ಗಾಡಿ ಕೆಸರಿನಲ್ಲಿ ನಿಂತಿತು. ಹುಡುಗ ಒತ್ತುತ್ತಾನೆ, ಎಂಜಿನ್ ಏರುವುದಿಲ್ಲ. ಮುಂದಿನ ಫಲಕದಲ್ಲಿ ಹಳದಿ ದೀಪ ಮಿಟುಕುತ್ತದೆ. ಕೆಳಗೆ ಎಲ್ಲೋ ಕರಕರ ಎಂಬ ಸದ್ದು. ನಾನು ಕೆಲಸಕ್ಕೆ ಸೇರಿದಾಗ ಕಾರ್ಖಾನೆಯಲ್ಲಿದ್ದ ಹಳೆಯ ಡೀಸೆಲ್ ಜೀಪಿನಲ್ಲಿ ಇಂಥ ಯಾವ ದೀಪವೂ ಇರಲಿಲ್ಲ. ಅದರಲ್ಲಿ ಇಪ್ಪತ್ತು ವರ್ಷ ಕೆಸರು ತುಳಿದವನೆಂಬ ಜಂಬ ನನಗೆ. "ತಮ್ಮಾ, ಇದೆಲ್ಲ ಪಟ್ಟಣದವರಿಗೆ ಮಾಡಿದ್ದು. ಆ ಫ್ಯೂಸು ಕಿತ್ತು ಬಿಡು" ಎಂದೆ. ಕಿತ್ತ. ಗಾಡಿ ಕೆಸರು ಹಾರಿಸಿಕೊಂಡು ಹೊರಗೆ ಬಂತು. ಅಂದು ಅವರ ಮನೆಯಲ್ಲಿ ಕಾಫಿ ಕುಡಿಯುವಾಗ ನಾನೇ ಆ ಕತೆಯನ್ನು ಎರಡು ಸಲ ಹೇಳಿಕೊಂಡೆ.

ಆ ಫ್ಯೂಸು ತನ್ನ ಜಾಗಕ್ಕೆ ಮರಳಿ ಹೋಗಲಿಲ್ಲ. ಎಂಟು ದಿನ ಕಳೆಯಿತು. ಹುಡುಗ ತಂದೆ ತಾಯಿಯರನ್ನು ಏಲಕ್ಕಿ ತೋಟಕ್ಕೆ ಕರೆದುಕೊಂಡು ಹೋಗಿ ಬೋಡಿಮೆಟ್ಟಿನಿಂದ ಇಳಿಯುತ್ತಿದ್ದ. ಜಿನುಗು ಮಳೆ. ಒಂದು ತಿರುವಿನಲ್ಲಿ ಎದುರಿಗೆ ಲಾರಿ ಕಂಡು ಜೋರಾಗಿ ಬ್ರೇಕ್ ತುಳಿದ. ಹಿಂದಿನ ಎರಡು ಚಕ್ರಗಳು ಕಚ್ಚಿ ನಿಂತವು; ಗಾಡಿಯ ಬಾಲ ಸುತ್ತಿತು; ಬೆಟ್ಟದ ಕಡೆಯ ಚರಂಡಿಗೆ ಬಿದ್ದು ಮಗ್ಗುಲಾಯಿತು. ಕಣಿವೆಯ ಕಡೆಗೆ ಸುತ್ತಿದ್ದರೆ ನಾನು ಇಂದು ಈ ಮಾತು ಹೇಳಲು ನಿಮ್ಮ ಮುಂದೆ ಬರುವ ಧೈರ್ಯ ಮಾಡುತ್ತಿರಲಿಲ್ಲ. ತಾಯಿಯವರ ಭುಜದ ಮೂಳೆ ಮುರಿಯಿತು. ಈಗ ಗುಣವಾಗಿದ್ದಾರೆ, ಆದರೆ ಕೊಡ ಎತ್ತಲಾಗುವುದಿಲ್ಲ.

ಆ ಸದಸ್ಯರು ಒಂದು ದಿನ ನನ್ನ ಆಫೀಸಿಗೆ ಬಂದರು. ಬೈಯಲಿಲ್ಲ. ಕಟಾವು ಆದೇಶದ ವಿಷಯ ಮಾತನಾಡಿದರು. ಏಳುವಾಗ ಅಂಗಿ ಜೇಬಿನಿಂದ ಆ ಫ್ಯೂಸು ತೆಗೆದು ಮೇಜಿನ ಮೇಲೆ ಇಟ್ಟು, "ಇದು ನಿಮ್ಮದು ಸಾರ್" ಎಂದು ಹೊರಟರು. ಈ ವಿಷಯವನ್ನು ಸಭೆಯಲ್ಲಿ ಹೇಳಲು ಅವರ ಅಪ್ಪಣೆ ಪಡೆದಿದ್ದೇನೆ.

ಅಂದಿನಿಂದ ನಾನು ತಿಳಿದವರ ಬಳಿ ಕುಳಿತು, ಗಾಡಿಯ ಕೈಪಿಡಿ ಓದಿ, ಮೆಕ್ಯಾನಿಕ್‌ಗಳ ಜೊತೆ ಗಾಡಿಯ ಕೆಳಗೆ ಮಲಗಿ ಕಲಿತದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಈ ಯಂತ್ರ ಏನು ಮಾಡುತ್ತದೆ ಎಂಬುದು. ಇ.ಎಸ್.ಪಿ. ಎಂದರೆ ಏನೋ ಮಾಯೆ ಎಂದು ತಿಳಿಯಬೇಡಿ. ತಾವು ದಿನವೂ ಟ್ರಾಕ್ಟರಿನಲ್ಲಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಟ್ರಾಕ್ಟರಿಗೆ ಎಡ ಬಲ ಎರಡು ಬ್ರೇಕ್ ಪೆಡಲ್‌ಗಳಿವೆಯಲ್ಲವೇ? ಉಳುಮೆಯ ಸಾಲು ಮುಗಿದು ಬದುವಿನ ಹತ್ತಿರ ತಿರುಗಿಸುವಾಗ ಎಡಕ್ಕೆ ಬೇಕಾದರೆ ಎಡ ಬ್ರೇಕ್ ಒತ್ತುತ್ತೀರಿ; ಟ್ರಾಕ್ಟರು ನಿಂತಲ್ಲೇ ಸುತ್ತುತ್ತದೆ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿದ್ದರೆ ಆ ಕಡೆಯ ಬ್ರೇಕ್ ಮೆಲ್ಲಗೆ ಹಿಡಿಯುತ್ತೀರಿ. ಶಕ್ತಿ ಇನ್ನೊಂದು ಚಕ್ರಕ್ಕೆ ಹೋಗಿ ಟ್ರಾಕ್ಟರು ಎದ್ದು ಬರುತ್ತದೆ. ಜೀಪಿನ ಇ.ಎಸ್.ಪಿ. ಈ ಎರಡನ್ನೂ ನಾಲ್ಕು ಚಕ್ರಗಳಲ್ಲಿ, ನಮ್ಮ ಕಾಲಿಗಿಂತ ಬಹು ವೇಗವಾಗಿ ಮಾಡುತ್ತದೆ.

ಅದಕ್ಕೆ ಕಣ್ಣು ಕಿವಿ ಎಂದರೆ ಇಷ್ಟು. ಪ್ರತಿ ಚಕ್ರದ ಬುಡದಲ್ಲಿ ಚಕ್ರದ ವೇಗ ನೋಡುವ ಒಂದು ಸೆನ್ಸರ್. ಸ್ಟಿಯರಿಂಗ್ ಕಂಬದಲ್ಲಿ, ಚಾಲಕ ಎಷ್ಟು ತಿರುಗಿಸಿದ್ದಾನೆಂದು ನೋಡುವ ಇನ್ನೊಂದು. ಗಾಡಿಯ ನಡುವೆ, ಗಾಡಿ ನಿಜವಾಗಿ ಎಷ್ಟು ತಿರುಗುತ್ತಿದೆ, ಪಕ್ಕಕ್ಕೆ ಎಷ್ಟು ಜಾರುತ್ತಿದೆ ಎಂದು ಅಳೆಯುವ ಒಂದು ಸಣ್ಣ ಪೆಟ್ಟಿಗೆ. ಚಾಲಕ ಹೋಗಬೇಕೆಂದಿರುವ ದಾರಿಗೂ ಗಾಡಿ ಹೋಗುತ್ತಿರುವ ದಾರಿಗೂ ತಾಳೆ ನೋಡುವುದೇ ಅದರ ಕೆಲಸ. ಎಡ ತಿರುವಿನಲ್ಲಿ ಬಾಲ ಹೊರಕ್ಕೆ ಜಾರಿದರೆ ಮುಂದಿನ ಬಲ ಚಕ್ರವನ್ನು ಹಿಡಿಯುತ್ತದೆ. ಮೂತಿ ತಿರುಗದೆ ನೇರ ಹೋದರೆ ಹಿಂದಿನ ಎಡ ಚಕ್ರವನ್ನು ಹಿಡಿಯುತ್ತದೆ. ಜೊತೆಗೆ ಎಂಜಿನ್‌ನ ಶಕ್ತಿಯನ್ನೂ ತಗ್ಗಿಸುತ್ತದೆ.

ಇದು ಮೊದಲು ಬಂದದ್ದು 1995ರಲ್ಲಿ, ಜರ್ಮನಿಯ ಮರ್ಸಿಡಿಸ್ ಕಾರಿನಲ್ಲಿ; ಬಾಷ್ ಕಂಪನಿಯ ಜೊತೆ ಸೇರಿ ಮಾಡಿದ್ದು. ಎರಡು ವರ್ಷದ ಮೇಲೆ, 1997ರ ಅಕ್ಟೋಬರಿನಲ್ಲಿ, ಅದೇ ಮರ್ಸಿಡಿಸ್‌ನವರ ಎ-ಕ್ಲಾಸ್ ಎಂಬ ಎತ್ತರದ ಸಣ್ಣ ಕಾರನ್ನು ಸ್ವೀಡನ್ ದೇಶದ ಒಂದು ಮೋಟಾರು ಪತ್ರಿಕೆಯವರು ಪರೀಕ್ಷೆ ಮಾಡಿದರು. ಆ ದೇಶದ ಕಾಡು ರಸ್ತೆಯಲ್ಲಿ ದೊಡ್ಡ ಕಡವೆ ಜಾತಿಯ ಪ್ರಾಣಿ ಹಠಾತ್ತನೆ ಅಡ್ಡ ಬರುತ್ತದಂತೆ. ಅದನ್ನು ತಪ್ಪಿಸುವಂತೆ ಎಡಕ್ಕೂ ಬಲಕ್ಕೂ ಥಟ್ಟನೆ ತಿರುಗಿಸಿದಾಗ ಕಾರು ಮಗುಚಿತು. ಆ ಮೇಲೆ ಆ ಸಣ್ಣ ಕಾರಿಗೂ ಇ.ಎಸ್.ಪಿ. ಯನ್ನು ಕಡ್ಡಾಯವಾಗಿ ಜೋಡಿಸಿಯೇ ಮಾರಿದರು. ಎತ್ತರದ ಗಾಡಿ, ಥಟ್ಟನೆ ತಿರುವು, ಮಗುಚುವಿಕೆ. ನಮ್ಮಲ್ಲಿ ಕಡವೆಯ ಬದಲು ಹಸು, ಆಡು, ಅಥವಾ ತಿರುವಿನಲ್ಲಿ ಲಾರಿ.

ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯವರು 2007ರಲ್ಲಿ ಇದನ್ನು ಕಡ್ಡಾಯ ಮಾಡುವ ನಿಯಮ ಹೊರಡಿಸಿದಾಗ ಒಂದು ಲೆಕ್ಕ ಕೊಟ್ಟರು. ಬೇರೆ ವಾಹನ ತಾಗದೆ ಒಂಟಿ ವಾಹನಕ್ಕೆ ಆಗುವ ಅಪಘಾತ ಸಾಧಾರಣ ಕಾರುಗಳಲ್ಲಿ ನೂರಕ್ಕೆ 34ರಷ್ಟು, ಜೀಪಿನಂಥ ಎತ್ತರದ ಗಾಡಿಗಳಲ್ಲಿ ನೂರಕ್ಕೆ 59ರಷ್ಟು ಕಡಿಮೆಯಾಗುತ್ತದೆಂದು. ಗಮನಿಸಿ: ಕಾರಿಗಿಂತ ಜೀಪಿಗೇ ಲಾಭ ಹೆಚ್ಚು. ನಾನು ಪಟ್ಟಣದವರಿಗೆ ಮಾಡಿದ್ದು ಎಂದು ಹೀಗಳೆದದ್ದು ಇದನ್ನೇ.

ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎ.ಬಿ.ಎಸ್. ಬ್ರೇಕು 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಮಹೀಂದ್ರ ಥಾರ್‌ನ ಮೇಲ್ದರ್ಜೆಯ ಮಾದರಿಗಳಲ್ಲಿ ಇ.ಎಸ್.ಪಿ. ಕೂಡ ಬಂತು. ಹಳೆಯ ಮೇಜರ್, ಕಮಾಂಡರ್ ಜೀಪುಗಳಲ್ಲಿ ಇವೆರಡೂ ಇರಲಿಲ್ಲ. ಅಂದರೆ ಅಪ್ಪ ಓಡಿಸಿದ ಜೀಪು ಬೇರೆ, ಮಗ ಓಡಿಸುವ ಜೀಪು ಬೇರೆ. ಅಪ್ಪನ ಬುದ್ಧಿವಾದ ಮಗನ ಗಾಡಿಗೆ ಎಲ್ಲಾ ಕಡೆ ಹೊಂದುವುದಿಲ್ಲ. ನನ್ನದೂ ಹೊಂದಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗಾಡಿ ಹೇಳಿದಂತೆ ಕೇಳುವುದಿಲ್ಲ ಎಂಬ ದೂರಿನಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಕೆಸರಿನಲ್ಲಿ ಎಂಜಿನ್ ಸಾಯುವುದು ಒಂದು. ಟಾರು ರಸ್ತೆಯಲ್ಲಿ ಕಾರಣವಿಲ್ಲದೆ ಬ್ರೇಕ್ ಹಿಡಿಯುವುದು ಇನ್ನೊಂದು. ಎಲೆ ಹಳದಿಯಾದರೆ ಕಬ್ಬಿಣದ ಕೊರತೆಯೋ ಸಾರಜನಕದ ಕೊರತೆಯೋ ಎಂದು ನೋಡದೆ ಯೂರಿಯಾ ಸುರಿಯಬೇಡಿ ಎಂದು ನಾನು ತಮಗೆ ಎಷ್ಟು ಸಲ ಹೇಳಿಲ್ಲ! ಗಾಡಿಯ ವಿಷಯದಲ್ಲಿ ನಾನೇ ಯೂರಿಯಾ ಸುರಿದೆ.

ಕೆಸರಿನದನ್ನು ಮೊದಲು ನೋಡೋಣ, ಅದು ರೋಗವಲ್ಲ. ಕೆಸರಿನಲ್ಲಿ ಚಕ್ರ ಜಾರಲೇಬೇಕು. ಟೈರಿನ ಹಲ್ಲುಗಳು ಕೆಸರು ಕಕ್ಕಿ ಶುದ್ಧವಾಗಲು ಸ್ವಲ್ಪ ತಿರುಗಬೇಕು. ರಸ್ತೆಯ ಲೆಕ್ಕದಲ್ಲಿ ನಡೆಯುವ ಇ.ಎಸ್.ಪಿ. ಗೆ ಚಕ್ರ ಜಾರಿದರೆ ಅಪಾಯವೆಂದೇ ಅರ್ಥ. ಕೂಡಲೇ ಎಂಜಿನ್ ತಗ್ಗಿಸುತ್ತದೆ. ಅದಕ್ಕಾಗಿಯೇ ತಯಾರಕರು ಒಂದು ಗುಂಡಿ ಇಟ್ಟಿದ್ದಾರೆ. ಜಾರುವ ಗಾಡಿಯ ಚಿತ್ರ, ಕೆಳಗೆ ಎರಡು ಡೊಂಕು ಗೆರೆ. ಅದನ್ನು ಒತ್ತಿದರೆ ಎಂಜಿನ್ ತಗ್ಗಿಸುವ ಕೆಲಸ ನಿಲ್ಲುತ್ತದೆ. ಕೆಲವು ಗಾಡಿಗಳಲ್ಲಿ ಒಮ್ಮೆ ತಟ್ಟಿದರೆ ಅರ್ಧ ನಿಲ್ಲುತ್ತದೆ, ಗಾಡಿ ನಿಲ್ಲಿಸಿ ಕೆಲವು ಕ್ಷಣ ಒತ್ತಿ ಹಿಡಿದರೆ ಪೂರ್ತಿ. ಇನ್ನು ಕೆಲವದರಲ್ಲಿ ಕೆಳ ಗೇರಿನ ಫೋರ್ ವ್ಹೀಲಿಗೆ ಹಾಕಿದರೆ ತಾನಾಗಿಯೇ ನಿಲ್ಲುತ್ತದೆ. ತಮ್ಮ ಗಾಡಿಯದು ಹೇಗೆಂದು ಕೈಪಿಡಿಯಲ್ಲಿದೆ. ಆ ಪುಸ್ತಕ ಪ್ಲಾಸ್ಟಿಕ್ ಚೀಲದಿಂದ ಹೊರಬಂದ ಗಾಡಿ ಈ ಕಣಿವೆಯಲ್ಲಿ ನಾನು ಇನ್ನೂ ನೋಡಿಲ್ಲ.

ಗುಂಡಿ ಒತ್ತುವುದಕ್ಕೂ ಫ್ಯೂಸು ಕೀಳುವುದಕ್ಕೂ ಇರುವ ವ್ಯತ್ಯಾಸ ಇದು. ಗುಂಡಿ ಒತ್ತಿದರೆ ಎ.ಬಿ.ಎಸ್. ಉಳಿದಿರುತ್ತದೆ, ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆ ಉಳಿದಿರುತ್ತದೆ. ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಇ.ಎಸ್.ಪಿ. ತಾನಾಗಿ ಬರುತ್ತದೆ. ಫ್ಯೂಸು ಕಿತ್ತರೆ ಎಲ್ಲವೂ ಹೋಯಿತು, ಹಾಕುವ ತನಕ ಬರುವುದಿಲ್ಲ. ಹಳೆಯ ಜೀಪಿನಲ್ಲಿ ಹಿಂದಿನ ಬ್ರೇಕಿನ ಒತ್ತಡ ತಗ್ಗಿಸಲು ಒಂದು ಕವಾಟವಿರುತ್ತಿತ್ತು. ಹೊಸ ಗಾಡಿಗಳಲ್ಲಿ ಆ ಕೆಲಸವನ್ನು ಕಂಪ್ಯೂಟರಿಗೇ ವಹಿಸಿದ್ದಾರೆ. ಘಾಟಿ ಇಳಿಯುವಾಗ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರಗಳು ಹಗುರವಾಗಿರುತ್ತವೆ. ಹಂಚುವವನಿಲ್ಲದಿದ್ದರೆ ಅವೇ ಮೊದಲು ಕಚ್ಚಿಕೊಳ್ಳುತ್ತವೆ. ಹಿಂದಿನ ಚಕ್ರ ಕಚ್ಚಿದ ಗಾಡಿ ಸುತ್ತದೆ ಇರದು. ಬೋಡಿಮೆಟ್ಟಿನಲ್ಲಿ ಆದದ್ದು ಇದೇ.

ಟ್ರಾಕ್ಟರಿನ ಮಾತು ಮತ್ತೊಮ್ಮೆ. ಹೊಲದಲ್ಲಿ ಎಡ ಬಲ ಪೆಡಲ್‌ಗಳನ್ನು ಬೇರೆ ಮಾಡಿಕೊಳ್ಳುತ್ತೀರಿ. ಕಬ್ಬು ತುಂಬಿದ ಟ್ರೈಲರ್ ಎಳೆದು ರಸ್ತೆಗೆ ಬರುವಾಗ ಕೊಂಡಿ ಹಾಕಿ ಎರಡನ್ನೂ ಒಂದು ಮಾಡುತ್ತೀರಿ. ಕೊಂಡಿ ಹಾಕದೆ ರಸ್ತೆಗೆ ಬಂದವನನ್ನು ಬುದ್ಧಿವಂತನೆಂದು ಯಾರೂ ಹೇಳುವುದಿಲ್ಲ. ಜೀಪಿನ ಗುಂಡಿ ಆ ಕೊಂಡಿ. ಫ್ಯೂಸು ಕೀಳುವುದೆಂದರೆ ಕೊಂಡಿಯನ್ನೇ ಕತ್ತರಿಸಿ ಕಾಲುವೆಗೆ ಎಸೆದಂತೆ.

ಕೆಸರಿಗೆ ಇಳಿಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಸಿಕ್ಕಿಬಿದ್ದ ಮೇಲೆ ಲಿವರ್ ಹುಡುಕಬೇಡಿ. ಬದುವಿನ ಹತ್ತಿರ ಗಟ್ಟಿ ನೆಲದಲ್ಲಿಯೇ ಗಾಡಿ ನಿಲ್ಲಿಸಿ ಫೋರ್ ವ್ಹೀಲ್ ಕೆಳ ಗೇರು ಹಾಕಿ, ಗುಂಡಿ ಒತ್ತಿ, ಆಫ್ ಎಂಬ ದೀಪ ಬಂದಿತೇ ನೋಡಿ. ಟೈರಿನ ಗಾಳಿ 20 ಪೌಂಡಿನ ಆಸುಪಾಸಿಗೆ ಇಳಿಸಿದರೆ ಟೈರು ಅಗಲವಾಗಿ ಊರುತ್ತದೆ; ಎಷ್ಟೋ ಸಲ ಇದೊಂದೇ ಸಾಕು, ದೊಡ್ಡ ಟೈರಿನ ಖರ್ಚೇ ಬೇಡ. ಗಾಳಿ ತುಂಬುವ ಸಣ್ಣ ಪಂಪು ಗಾಡಿಯಲ್ಲಿರಲಿ, ಏಕೆಂದರೆ ಆ ಗಾಳಿಯಲ್ಲಿ ರಸ್ತೆಯ ವೇಗಕ್ಕೆ ಹೋಗಬಾರದು. ಎರಡನೆಯ ಗೇರಿನಲ್ಲಿ ಒಂದೇ ಹದದಲ್ಲಿ ನಡೆಸಿ. ನಿಂತರೆ ಚಕ್ರ ತಿರುಗಿಸಿ ಗುಂಡಿ ತೋಡಬೇಡಿ. ಇಳಿದು ಹೋಗಿ ಒಣ ಸೋಗೆ ತಂದು ಚಕ್ರದ ಮುಂದೆ ಹಾಸಿ. ಸೋಗೆ ಸುಡಬೇಡಿ ಎಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ಇನ್ನೊಂದು ಸೂಕ್ಷ್ಮ ಇದೆ. ಹೊಲದ ಬಾಯಲ್ಲಿ ಓರೆಯಾಗಿ ಕಾಲುವೆ ದಾಟುವಾಗ ಮುಂದಿನ ಒಂದು ಚಕ್ರ, ಹಿಂದಿನ ಎದುರು ಮೂಲೆಯ ಚಕ್ರ ಗಾಳಿಯಲ್ಲಿ ತಿರುಗುತ್ತವೆ. ಆಗ ಕೆಲವು ಹೊಸ ಗಾಡಿಗಳಲ್ಲಿ ತಿರುಗುವ ಚಕ್ರವನ್ನು ಬ್ರೇಕಿನಿಂದ ಹಿಡಿದು ಎದುರು ಚಕ್ರಕ್ಕೆ ಶಕ್ತಿ ಕೊಡುವ ಏರ್ಪಾಡು ಇದೆ. ಕರಕರ ಸದ್ದು ಅದರದೇ. ನಮ್ಮ ಹುಡುಗರು ಆ ಸದ್ದಿಗೆ ಬೆದರಿ ಕಾಲು ತೆಗೆಯುತ್ತಾರೆ. ತೆಗೆದ ಕೂಡಲೇ ಯಂತ್ರವೂ ಕೈ ಬಿಡುತ್ತದೆ. ಸದ್ದು ಬಂದರೂ ಎರಡು ಮೂರು ಎಣಿಸುವ ತನಕ ಆಕ್ಸಿಲರೇಟರನ್ನು ಅಲುಗಿಸದೆ ಹಿಡಿಯಬೇಕು. ಗಾಡಿ ಮೆಲ್ಲಗೆ ಏಳುತ್ತದೆ. ಅಂದು ಆ ಕಾಲುವೆ ಏರಿಯ ಬಳಿ ನಾನು ಬಾಯಿ ಮುಚ್ಚಿಕೊಂಡಿದ್ದು, ಹುಡುಗ ಕಾಲು ಊರಿಕೊಂಡಿದ್ದರೆ ಬಹುಶಃ ಗಾಡಿ ತಾನೇ ಬರುತ್ತಿತ್ತು.

ಇನ್ನು ನಿಜವಾದ ರೋಗಕ್ಕೆ ಬರುತ್ತೇನೆ. ಆ ಹುಡುಗ ಕೆಸರಿನಿಂದ ಹೊರಬಂದ ಮೇಲೆ ಫ್ಯೂಸು ಏಕೆ ಹಾಕಲಿಲ್ಲ? ಮರೆತನೇ? ಇಲ್ಲ. ಗಾಡಿ ಎತ್ತರಿಸಿದಾಗಿನಿಂದ ಚಿನ್ನಮನೂರು ರಸ್ತೆಯಲ್ಲಿ, ಒಣ ಟಾರಿನಲ್ಲಿ, ಎಡ ತಿರುವು ಬಂದರೆ ಸಾಕು, ಗಾಡಿ ತಾನಾಗಿ ಬ್ರೇಕ್ ಹಿಡಿದು ಪಕ್ಕಕ್ಕೆ ಎಳೆಯುತ್ತಿತ್ತು. ಫ್ಯೂಸು ಕಿತ್ತ ಮೇಲೆ ಆ ಕಾಟ ತಪ್ಪಿತು. ಹುಡುಗನಿಗೆ ಸುಖವಾಯಿತು. ಆ ಕಾಟಕ್ಕೆ ಕಾರಣ ಇ.ಎಸ್.ಪಿ. ಅಲ್ಲ, ಎತ್ತರಿಸಿದ ಕೆಲಸ ಅರ್ಧಕ್ಕೆ ನಿಂತದ್ದು ಎಂಬುದು ಗಾಡಿ ಮಗುಚಿದ ಮೇಲೆ ಗೊತ್ತಾಯಿತು.

ಗಾಡಿ ಎತ್ತರಿಸಿದಾಗ ಚಕ್ರಗಳನ್ನು ಹಿಡಿದ ಕಂಬಿಗಳ ಓರೆ ಬದಲಾಗುತ್ತದೆ. ಅಲೈನ್‌ಮೆಂಟ್ ಸರಿಪಡಿಸದಿದ್ದರೆ ಗಾಡಿ ನೇರ ಹೋಗಲು ಸ್ಟಿಯರಿಂಗನ್ನು ಸ್ವಲ್ಪ ಓರೆ ಹಿಡಿಯಬೇಕಾಗುತ್ತದೆ. ಚಾಲಕನ ಕೈಗೆ ಎರಡು ದಿನದಲ್ಲಿ ಅದು ಅಭ್ಯಾಸವಾಗುತ್ತದೆ. ಆದರೆ ಸ್ಟಿಯರಿಂಗ್ ಕಂಬದ ಸೆನ್ಸರ್‌ಗೆ ಅಭ್ಯಾಸವಾಗುವುದಿಲ್ಲ. "ಚಾಲಕ ಬಲಕ್ಕೆ ತಿರುಗಿಸಿದ್ದಾನೆ, ಗಾಡಿ ಮಾತ್ರ ನೇರ ಹೋಗುತ್ತಿದೆ, ಅಂದರೆ ಜಾರುತ್ತಿದೆ" ಎಂದು ತಿಳಿದು ಬ್ರೇಕ್ ಹಿಡಿಯುತ್ತದೆ. ಸುಳ್ಳು ಸುದ್ದಿ ಕೇಳಿ ಪ್ರಾಮಾಣಿಕವಾಗಿ ಕೆಲಸ ಮಾಡುವ ನೌಕರನಂತೆ. ಇದಕ್ಕೆ ಮದ್ದು ಎಂದರೆ ಮೊದಲು ಅಲೈನ್‌ಮೆಂಟ್, ಆಮೇಲೆ ಕಂಪ್ಯೂಟರ್ ಉಪಕರಣ ಹಚ್ಚಿ ಸೆನ್ಸರ್‌ಗೆ ನೇರ ಯಾವುದೆಂದು ಮತ್ತೆ ಕಲಿಸುವುದು. ಅರ್ಧ ದಿನದ ಕೆಲಸ.

ಇದನ್ನು ತಾವೇ ಪತ್ತೆ ಮಾಡಬಹುದು. ಸ್ಟಿಯರಿಂಗ್ ಚಕ್ರದ ಕಡ್ಡಿಗಳು ಎಡ ಬಲ ಸಮವಾಗಿರುವಂತೆ ಹಿಡಿದು, ಅದರ ನೆತ್ತಿಯಲ್ಲಿ ಒಂದು ಕೆಂಪು ದಾರ ಕಟ್ಟಿ. ನೇರವಾದ ರಸ್ತೆಯಲ್ಲಿ ಒಂದು ಫರ್ಲಾಂಗು ಹೋಗಿ, ಹಾಗೆಯೇ ಮರಳಿ ಬನ್ನಿ. ರಸ್ತೆಯ ಇಳಿಜಾರು ಒಂದು ಕಡೆಗಿದ್ದರೆ ಹೋಗುವಾಗ ಬರುವಾಗ ಸರಿಹೋಗುತ್ತದೆ. ಎರಡು ಸಲವೂ ಗಂಟು ಒಂದೇ ಕಡೆಗೆ ಒಂದು ಬೆರಳು ಅಗಲಕ್ಕಿಂತ ಹೆಚ್ಚು ಸರಿದಿದ್ದರೆ ಘಾಟಿ ಹತ್ತಬೇಡಿ, ಮೊದಲು ವರ್ಕ್‌ಶಾಪಿಗೆ ಹೋಗಿ.

ಟೈರಿನದು ಇನ್ನೊಂದು ಪಾಠ. 245/75 ಆರ್ 16 ಟೈರಿನ ಬದಲು 265/75 ಆರ್ 16 ಹಾಕಿದರೆ ಚಕ್ರ ಸುಮಾರು 3 ಸೆಂಟಿಮೀಟರ್ ಎತ್ತರವಾಗುತ್ತದೆ. ಮುಳ್ಳು 60 ತೋರಿಸುವಾಗ ಗಾಡಿ 62ಕ್ಕೂ ಮೇಲೆ ಓಡುತ್ತಿರುತ್ತದೆ. ನಾಲ್ಕೂ ಚಕ್ರಗಳಲ್ಲಿ ಒಂದೇ ಅಳತೆಯಿದ್ದರೆ ಯಂತ್ರ ಇಷ್ಟನ್ನು ಹೇಗೋ ಸಹಿಸೀತು. ಆದರೆ ನಮ್ಮವರು ಖರ್ಚು ಉಳಿಸಲು ಹಿಂದಕ್ಕೆ ಎರಡು ಹೊಸ ದೊಡ್ಡ ಟೈರು, ಮುಂದಕ್ಕೆ ಹಳೆಯವೇ ಎಂದು ಹಾಕುತ್ತಾರೆ. ಆಗ ದೊಡ್ಡ ಚಕ್ರ ನಿಧಾನ, ಸಣ್ಣ ಚಕ್ರ ವೇಗ. ಮುಂದಿನ ಚಕ್ರಗಳು ಜಾರುತ್ತಿವೆ ಎಂದು ಯಂತ್ರ ತಿಳಿಯುತ್ತದೆ. ಫೋರ್ ವ್ಹೀಲ್ ಹಾಕಿದರಂತೂ ಗೇರುಪೆಟ್ಟಿಗೆಯ ಹಲ್ಲುಗಳೇ ಒಂದರ ಮೇಲೊಂದು ತಿರುಚಿಕೊಳ್ಳುತ್ತವೆ. ಪಂಕ್ಚರಾದಾಗ ಬೇರೆ ಅಳತೆಯ ಸ್ಟೆಪ್ನಿ ಹಾಕಿ ವಾರಗಟ್ಟಲೆ ಓಡಿಸುವವರೂ ಇದ್ದಾರೆ. ಅವರಿಗೂ ಇದೇ ಮಾತು. ಮತ್ತೆ, ದೊಡ್ಡ ಹಲ್ಲಿನ ಕೆಸರು ಟೈರು ಕೆಸರಿಗೆ ಒಳ್ಳೆಯದು. ಮಳೆಯಲ್ಲಿ ನೆನೆದ ಟಾರಿನ ಮೇಲೆ ಅದರ ಹಿಡಿತ ಸಾಧಾರಣ ಟೈರಿಗಿಂತ ಕಡಿಮೆ. ಘಾಟಿಗೆ ಹೋಗುವವರು ಇದನ್ನು ನೆನಪಿಡಬೇಕು.

ಎತ್ತರಿಸಿದ ಗಾಡಿಯಲ್ಲಿ ಚಕ್ರದ ಸೆನ್ಸರ್‌ನ ವಯರು ಎಳೆದು ನಿಲ್ಲುತ್ತದೆ. ಗುಂಡಿಗೆ ಚಕ್ರ ಜೋತಾಗ ಒಳಗೆ ತುಂಡಾಗುತ್ತದೆ, ಹೊರಗೆ ಕಾಣುವುದಿಲ್ಲ. ಚಕ್ರದ ಬೇರಿಂಗು ಸಡಿಲವಾದರೂ ಸೆನ್ಸರ್ ತಪ್ಪು ಓದುತ್ತದೆ. ದೀಪದ ಭಾಷೆ ತಿಳಿದಿದ್ದರೆ ಸಾಕು: ಮಿಟುಕಿದರೆ ಯಂತ್ರ ಕೆಲಸ ಮಾಡುತ್ತಿದೆ, ಅಂದರೆ ನೀವು ಜಾರುತ್ತಿದ್ದೀರಿ, ಕಾಲು ತೆಗೆಯಿರಿ. ಆಫ್ ಎಂದು ನಿಂತಿದ್ದರೆ ಗುಂಡಿ ಒತ್ತಿದ್ದೀರಿ. ಎ.ಬಿ.ಎಸ್. ದೀಪದ ಜೊತೆಗೆ ಉರಿಯುತ್ತಲೇ ಇದ್ದರೆ ಯಂತ್ರ ಕೆಟ್ಟಿದೆ. ಕೆಟ್ಟ ದೀಪಕ್ಕೆ ಕಪ್ಪು ಪಟ್ಟಿ ಅಂಟಿಸಿದ ಒಂದು ಗಾಡಿಯನ್ನು ಇದೇ ತಿಂಗಳು ನೋಡಿದೆ. ಯಾರದೆಂದು ಹೇಳುವುದಿಲ್ಲ, ಅವರು ಇಲ್ಲಿಯೇ ಕುಳಿತಿದ್ದಾರೆ.

"ಹಾಗಾದರೆ ಎತ್ತರಿಸಲೇಬಾರದೇ?" ಎಂದು ಕೇಳುತ್ತೀರಿ. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಕಬ್ಬಿನ ಹೊಲಕ್ಕೂ ಏಲಕ್ಕಿ ತೋಟಕ್ಕೂ ಕಂಪನಿ ಕೊಟ್ಟ ಎತ್ತರ ಸಾಕು. ಇ.ಎಸ್.ಪಿ. ಯ ಲೆಕ್ಕವೆಲ್ಲ ಆ ಎತ್ತರಕ್ಕೆ ಮಾಡಿದ್ದು. ಎರಡು ಅಂಗುಲ ಏರಿಸಿ, ಮೇಲಿನ ಕ್ಯಾರಿಯರಿನಲ್ಲಿ ನಾಲ್ಕು ಏಲಕ್ಕಿ ಮೂಟೆ ಕಟ್ಟಿದರೆ ಗಾಡಿಯ ತೂಕದ ನಡು ಮೇಲಕ್ಕೆ ಹೋಗುತ್ತದೆ. ಯಂತ್ರ ತನ್ನ ಲೆಕ್ಕದಂತೆ ಎಚ್ಚರಗೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ಮೂಟೆಯನ್ನು ಒಳಗೆ ಇಡಿ, ಜನರನ್ನು ಎರಡು ಸಲ ಸಾಗಿಸಿ.

ಕಾನೂನೂ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲವೆಂದು ತೀರ್ಪು ಕೊಟ್ಟಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಗಡಿ ದಾಟಿ ದಿನವೂ ಕೇರಳಕ್ಕೆ ಹೋಗುವ ನಮಗೆ ಇದು ದೂರದ ಮಾತಲ್ಲ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಇದನ್ನೇ.

ಈಗಾಗಲೇ ಎತ್ತರಿಸಿದವರು ಇಂದೇ ಇಳಿಸಿ ಎಂದರೆ ಯಾರೂ ಕೇಳುವುದಿಲ್ಲವೆಂದು ನನಗೆ ಗೊತ್ತು. ಅಂಥವರು ಕನಿಷ್ಠ ಪಕ್ಷ ನಾಲ್ಕು ಟೈರೂ ಒಂದೇ ಅಳತೆ ಮಾಡಿ, ಅಲೈನ್‌ಮೆಂಟ್ ಮಾಡಿಸಿ, ಸೆನ್ಸರ್‌ಗೆ ನೇರ ಕಲಿಸಿ, ವಯರು ನೋಡಿಸಿ. ಆ ಮೇಲೂ ಟಾರು ರಸ್ತೆಯಲ್ಲಿ ಕಾಟ ಕೊಟ್ಟರೆ ಕಾಟ ಕೊಡುತ್ತಿರುವುದು ನಿಮ್ಮ ವೇಗ.

ಹಿರಿಯರೊಬ್ಬರು ಕೈ ಎತ್ತಿದ್ದಾರೆ. ಜಲ್ಲಿಯ ಮೇಲೆ ಎ.ಬಿ.ಎಸ್. ಇದ್ದರೆ ಗಾಡಿ ಬೇಗ ನಿಲ್ಲುವುದಿಲ್ಲವಲ್ಲ ಎನ್ನುತ್ತಾರೆ. ನಿಜ. ಸಡಿಲ ಜಲ್ಲಿ, ಮರಳಿನಲ್ಲಿ ಕಚ್ಚಿದ ಚಕ್ರ ಮುಂದೆ ಮಣ್ಣು ಗುಡ್ಡೆ ಮಾಡಿಕೊಂಡು ಬೇಗ ನಿಲ್ಲುತ್ತದೆ, ಎ.ಬಿ.ಎಸ್. ಅದಕ್ಕೆ ಅವಕಾಶ ಕೊಡುವುದಿಲ್ಲ. ಅಲ್ಲಿ ನಿಧಾನವಾಗಿ ಹೋಗುವುದೊಂದೇ ಉಪಾಯ. ಆದರೆ ಕಚ್ಚಿದ ಚಕ್ರಕ್ಕೆ ಸ್ಟಿಯರಿಂಗ್ ಇಲ್ಲ. ಹತ್ತು ಅಡಿ ಮೊದಲು ನಿಲ್ಲುವುದು ಬೇಕೋ, ಎದುರಿಗೆ ಬಂದ ಮಗುವನ್ನು ತಪ್ಪಿಸಲು ತಿರುಗಿಸುವುದು ಬೇಕೋ, ತಾವೇ ಹೇಳಿ.

ನನ್ನ ಸಮಯ ಮುಗಿಯಿತು. ಆ ಹುಡುಗನ ಗಾಡಿ ದುರಸ್ತಿಯಾಗಿ ಬಂದಿದೆ. ಅವನೇ ಓಡಿಸಿಕೊಂಡು ಬಂದು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದಾನೆ. ಎತ್ತರ ಇಳಿಸಿದ್ದಾನೆ, ಟೈರು ಮಾತ್ರ ದೊಡ್ಡದೇ. ಜೀಪು ತಂದಿರುವ ಸದಸ್ಯರು ಕಾಫಿಯ ಮೇಲೆ ಒಬ್ಬೊಬ್ಬರಾಗಿ ಬನ್ನಿ, ಕುಚ್ಚನೂರು ಕಡೆಯ ರಸ್ತೆಯಲ್ಲಿ ಒಂದು ಫರ್ಲಾಂಗು ಹೋಗಿ ಬರೋಣ. ಕೆಂಪು ದಾರದ ಉಂಡೆ ತಂದಿದ್ದೇನೆ. ಕಪ್ಪು ಪಟ್ಟಿ ಅಂಟಿಸಿರುವವರು ಮೊದಲು ಬರಬೇಕೆಂದು ಕೋರುತ್ತೇನೆ.